ಕಮಿಷನರು ಬರುವ ಮುಂಚೆ ತೊಳೆದ ಬಾವಿ

ಆ ವರ್ಷದ ಬೇಸಿಗೆಯಿಡೀ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಶಿರಸಿಯಲ್ಲಿ ನಮ್ಮ ಕೇರಿಯ ಬೆನ್ನಿಗೇ ಏಳು ಅಂತಸ್ತಿನ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಕಾರು ನಿಲ್ಲಿಸಲು ನೆಲದ ಅಡಿಯಲ್ಲಿ ಇನ್ನೆರಡು ಅಂತಸ್ತು ಬೇರೆ. ಆ ಹೊಂಡದಲ್ಲಿ ಒಸರುವ ನೀರನ್ನು ಪಂಪು ಬೆಳಗಿನಿಂದ ಎತ್ತಿ ಗಟಾರಕ್ಕೆ ಬಿಡುತ್ತಿತ್ತು. ಪಂಪಿನ ಸದ್ದು ನಿಂತರೆ ಯಾಕೆ ನಿಂತಿತೆಂದು ಎದ್ದು ಹೋಗಿ ನೋಡುತ್ತಿದ್ದೆ. ಶುರುವಾದರೆ ಮತ್ತೆ ಏಳುತ್ತಿದ್ದೆ. ಓದಲು ಹಿಡಿದ ಪುಸ್ತಕ ಅದೇ ಪುಟದಲ್ಲಿ ಬೋರಲು ಬಿದ್ದಿರುತ್ತಿತ್ತು.

ಕೇರಿಗೆಲ್ಲ ಒಂದೇ ಬಾವಿ, ಚಿರೆಕಲ್ಲು ಕಟ್ಟಿದ್ದು. ಶಿವರಾತ್ರಿ ಕಳೆದ ಮೇಲೆ ಅದರ ನೀರು ಇಳಿಯಿತು. ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಹೊಂಡದ ಗೋಡೆ ಗಟ್ಟಿಯಾಗಲೆಂದು ಅವರು ಮಣ್ಣಿನೊಳಗೆ ತುಂಬುತ್ತಿದ್ದ ಸಿಮೆಂಟಿನ ರಾಡಿ ಕಲ್ಲಿನ ಸಂದಿನಿಂದ ನಮ್ಮ ಬಾವಿಗೆ ಇಳಿಯುತ್ತಿತ್ತು. ನಗರಸಭೆ ಕರೆದ ಸಭೆಯಲ್ಲಿ ನಾವು ಮೂವರು ಎದ್ದು ನಿಂತೆವು. ನಾನು, ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ವೇದಾ, ಕೇರಿಯ ತುದಿಯಲ್ಲಿದ್ದು ಪೇಟೆಯಲ್ಲಿ ಹೂ ಮಾರುವ ಚೌಡಮ್ಮ. “ನಮ್ಮ ಬಾವಿ ಕೆಡಿಸಿದವರು ಇವರೇ” ಎಂದು ವೇದಾ ಮೈಕಿನಲ್ಲಿ ಹೇಳಿದ್ದು ಪತ್ರಿಕೆಯಲ್ಲೂ ಬಂತು.

ಸ್ವಲ್ಪ ದಿನಕ್ಕೆ ಕೋರ್ಟಿನ ಅಮೀನರು ಬಂದರು. ನಾನು ಊಟಕ್ಕೆ ಕೂತಿದ್ದೆ. ಅವರು ಕೂಗಿ ಕರೆಯದೆ ಜಗಲಿಯಲ್ಲಿ ಕಾದರು. ಕೈ ತೊಳೆದು ಬಂದ ಮೇಲೆ ಸಮನ್ಸ್ ಕೊಟ್ಟು, “ಗಾಬರಿ ಆಗ್ಬೇಡಿ, ಇದು ಬರೀ ಕರೆಯೋದು ಅಷ್ಟೇ” ಎಂದರು. ಬಿಲ್ಡರ್ ಶಿವಲಿಂಗಪ್ಪ ಮೂವರ ಮೇಲೂ ಮಾನನಷ್ಟದ ದಾವೆ ಹಾಕಿದ್ದರು. ನಾವು ಹೇಳಿದ್ದು ಸುಳ್ಳು, ಅದರಿಂದ ಅವರ ಮನೆಗಳು ಮಾರಾಟವಾಗುತ್ತಿಲ್ಲ, ನಷ್ಟ ನಾವು ತುಂಬಿಕೊಡಬೇಕು ಎಂದು ಅದರಲ್ಲಿತ್ತು. ಅವರು ಕೇಳಿದ ಪರಿಹಾರಕ್ಕೆ ವೇದಾಳ ಮನೆ ಮಾರಿದರೂ ಸಾಲುತ್ತಿರಲಿಲ್ಲ. ತಪ್ಪಾಯಿತೆಂದು ಬರೆದುಕೊಟ್ಟವರ ಹೆಸರನ್ನು ದಾವೆಯಿಂದ ಬಿಡುತ್ತೇವೆ ಎಂದೂ ಹೇಳಿ ಕಳಿಸಿದ್ದರು.

ವೇದಾಳ ಗಂಡ ವಿಘ್ನೇಶ್ವರ ಅಂಥ ಕಾಗದವನ್ನು ಬಿಲ್ಡರ್ ಆಫೀಸಿನಿಂದ ತಂದೇಬಿಟ್ಟ. ನಾನು ಅವರ ಜಗಲಿಯಲ್ಲೇ ಇದ್ದೆ.

“ಆನು ಸುಳ್ಳು ಹೇಳಿದ್ನಿಲ್ಲೆ. ತಪ್ಪಾತು ಹೇಳಿ ಹೆಂಗೆ ಬರೆಯವು?” ಎಂದಳು ವೇದಾ.

“ನೀನು ಬರೆಯದು ಎಂತೂ ಇಲ್ಲೆ, ಎಲ್ಲ ಅವೇ ಬರದ್ದ. ಕೆಳಗೆ ಹೆಸರು ಗೀಚದು ಅಷ್ಟೇಯ. ಮನೆ ಹೋದ್ರೆ ಮಿಷನ್ ತಗಂಡು ಬಸ್‌ಸ್ಟ್ಯಾಂಡಲ್ಲಿ ಕೂತ್ಕಂಡು ಹೊಲಿತ್ಯನೇ?”

“ಅತ್ತೆ, ನೀವೇ ಹೇಳಿ” ಎಂದು ಅವಳು ನನ್ನ ಕಡೆ ತಿರುಗಿದಳು. ನೆರೆಯ ಹಿರಿಯಳೆಂದು ಅವಳು ನನ್ನನ್ನು ಅತ್ತೆ ಎನ್ನುತ್ತಿದ್ದಳು. ನನಗಾದರೆ ಪಿಂಚಣಿ ಇತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಅವಳಿಗೆ ಇದ್ದದ್ದು ಆ ಮನೆ ಒಂದೇ. ವಿಘ್ನೇಶ್ವರನನ್ನೂ ನಾನು ಬೈಯಲಾರೆ. ಬಾವಿ ಕೆಟ್ಟಂದಿನಿಂದ ಅವನು ಸ್ಕೂಟರಿನಲ್ಲಿ ಎಲ್ಲಿಂದಲೋ ಕ್ಯಾನು ತುಂಬಿ ತರುತ್ತಿದ್ದ. ಒಂದು ಕ್ಯಾನನ್ನು ಮಾತಿಲ್ಲದೆ ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ.

ನಮ್ಮ ವಕೀಲೆ ಪರಿಮಳಾ ಕೋರ್ಟಿಗೆ ಅರ್ಜಿ ಹಾಕಿ, ಸ್ಥಳ ನೋಡಿ ವರದಿ ಕೊಡಲು ಒಬ್ಬ ಕಮಿಷನರನ್ನು ನೇಮಕ ಮಾಡಿಸಿದಳು. ಅವರು ಗುರುವಾರ ಬರುವುದೆಂದಾಯಿತು.

“ಗುರುವಾರ ಕಳೀಲಿ. ಅವು ನೋಡಿ ಹೋದ್ಮೇಲೆ ಸಹಿ ವಿಚಾರ ಹೇಳ್ತೆ” ಎಂದು ವೇದಾ ಕಾಗದವನ್ನು ಬೆಲ್ಲದ ಡಬ್ಬದ ಅಡಿಗೆ ಇಟ್ಟಳು.

ಆ ಗುರುವಾರದ ಹಿಂದಿನ ಭಾನುವಾರ ಚೌಡಮ್ಮ ಬಾವಿಕಟ್ಟೆಗೆ ಬಂದು ಬಗ್ಗಿ ನೋಡಿದಳು. “ಅಮಾ, ಬರೋರು ಕೋರ್ಟಿನೋರು. ಬಾವಿ ಹಿಂಗಿಟ್ಕಂಡ್ರೆ ನಮ್ಮನ್ನ ಎಂಥಾ ಹೆಂಗ್ಸ್ರು ಅಂತಾರೆ?”

ಸರಿಯಾದ ಮಾತು ಎಂದೇ ನಮಗೆಲ್ಲ ಅನ್ನಿಸಿತು. ಪ್ರತಿ ಬೇಸಿಗೆಯಲ್ಲೂ ಕೇರಿಯವರು ಸೇರಿ ಬಾವಿಯ ಕೆಸರು ತೆಗೆಯುತ್ತಿದ್ದೆವು. ಈ ಸಲ ಕೋರ್ಟು ಕಚೇರಿಯ ಗಡಿಬಿಡಿಯಲ್ಲಿ ತಡವಾಗಿತ್ತು. ನನಗೂ ಏನಾದರೂ ಕೆಲಸ ಸಿಕ್ಕರೆ ಸಾಕಾಗಿತ್ತು. ಎದೆಯ ಡವಡವ ಕೈಗೆ ಬಂದರೆ ಸ್ವಲ್ಪ ಕಡಿಮೆಯಾಗುತ್ತದೆ.

ಇಳಿಯಲು ನಮ್ಮ ಏಣಿ ಗಿಡ್ಡವಾಯಿತು. ಬೇಲಿಯಾಚೆ ನೋಡುತ್ತಿದ್ದ ಬಿಲ್ಡರ್ ಕಡೆಯ ಕಾವಲುಗಾರ ಸಂಗಯ್ಯ ಉದ್ದದ ಏಣಿಯೊಂದನ್ನು ಎತ್ತಿ ಈಚೆ ದಾಟಿಸಿದ. “ತಗೋರಿ ಅಮ್ಮಾರ. ನೀವು ಕೆಳಗ ಇರೂತನಾ ಪಂಪ್ ಬಂದ್ ಮಾಡ್ತೀನ್ರಿ, ಗ್ವಾಡಿ ಕುಸದೀತು.” ಅಷ್ಟು ಹೊತ್ತು ಪಂಪು ಸುಮ್ಮನಿತ್ತು. ಆ ತಿಂಗಳಲ್ಲಿ ನಾನು ನೆಮ್ಮದಿಯಾಗಿ ಉಸಿರಾಡಿದ್ದು ಆಗಲೇ ಇರಬೇಕು.

ಬೂದಿ ಬಣ್ಣದ ಕೆಸರು ಬುಟ್ಟಿ ಬುಟ್ಟಿ ಮೇಲೆ ಬಂತು. ಬಾವಿಯ ಕೆಸರು ಗಿಡಕ್ಕೆ ಒಳ್ಳೆಯದೆಂದು ಎಂದಿನಂತೆ ಮನೆಮನೆಗೆ ಹಂಚಿಕೊಂಡೆವು. ನಾನು ದಾಸವಾಳದ ಬುಡಕ್ಕೆ ಹಾಕಿಸಿದೆ. ವಿಘ್ನೇಶ್ವರ ತನ್ನ ಮುದ್ದಿನ ಕರಿಬೇವಿನ ಗಿಡಕ್ಕೆ ಎಲ್ಲರಿಗಿಂತ ಹೆಚ್ಚು ಹೊತ್ತುಕೊಂಡು ಹೋದ. ಕಲ್ಲುಗಳನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದೆವು. ಸಂಜೆ ಏಣಿ ಕೊಡಲು ಹೋದರೆ ಸಂಗಯ್ಯ ರಜೆ ಹಾಕಿ ದಾಸನಕೊಪ್ಪಕ್ಕೆ ಹೋಗಿದ್ದ. ಬೇರೆಯವರ ಕೈಗೆ ಕೊಟ್ಟರೆ ಅವನಿಗೆ ತೊಂದರೆಯಾದೀತೆಂದು ಬಾವಿಯ ಪಕ್ಕವೇ ಒರಗಿಸಿಟ್ಟೆವು.

ಕಮಿಷನರು ಬರುತ್ತಾರೆಂದು ಆ ವಾರ ಹೊಂಡದಲ್ಲಿ ಸಿಮೆಂಟು ತುಂಬುವುದನ್ನು ಅವರು ನಿಲ್ಲಿಸಿದ್ದರಿಂದ ಬಾವಿಯ ನೀರು ತಿಳಿಯಾಗಿಯೇ ಉಳಿದಿತ್ತು. ಗುರುವಾರ ಬೆಳಿಗ್ಗೆ ಪರಿಮಳಾ ಎಲ್ಲರಿಗಿಂತ ಮೊದಲು ಬಂದಳು. ಬಾವಿಗೆ ಬಗ್ಗಿದವಳು ಹಾಗೆಯೇ ಇದ್ದುಬಿಟ್ಟಳು.

“ದೊಡ್ಡಮ್ಮಾ, ಕೆಸರೆಲ್ಲಿ?”

“ತೆಗೆಸಿದ್ವಲ್ಲ” ಎಂದೆ ಹೆಮ್ಮೆಯಿಂದ.

“ಅಯ್ಯೋ ರಾಮಾ! ಅವ್ರಿಗೆ ತೋರಿಸ್ಬೇಕಾಗಿದ್ದು ಅದನ್ನೇ ಅಲ್ವಾ? ಕೊಲೆಯಾದ ಮನೆ ಸಾರಿಸಿ ರಂಗೋಲಿ ಹಾಕಿದ ಹಾಗೆ ಮಾಡಿದ್ರಲ್ಲ!”

ಕಾಲೇಜು ಓದಿದವಳು ನಾನು, ನನಗೂ ಹೊಳೆದಿರಲಿಲ್ಲ. ವೇದಾಳ ಮುಖ ನೋಡಲಾರದೆ ಕಟ್ಟೆಯ ಮೇಲಿನ ಕೊಡವನ್ನು ಎತ್ತಿಟ್ಟೆ, ಮತ್ತೆ ಅಲ್ಲೇ ತಂದಿಟ್ಟೆ.

ಅಷ್ಟರಲ್ಲಿ ಕಮಿಷನರು ಬಂದರು. ನಡುವಯಸ್ಸಿನ ವಕೀಲರು. ಬಾವಿಕಟ್ಟೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟರು. ಚೌಡಮ್ಮ ಅಭ್ಯಾಸದಂತೆ, ವಿಘ್ನೇಶ್ವರ ಕ್ಯಾನಿನಲ್ಲಿ ತಂದ ನೀರನ್ನೇ ತಂಬಿಗೆಗೆ ತುಂಬಿಸಿ ಕಾಲಿಗೆ ಕೊಟ್ಟಳು. ಜೊತೆಗೆ ಬಂದಿದ್ದ ಬಿಲ್ಡರ್ ಕಡೆಯ ವಕೀಲರಿಗೂ ಕೊಟ್ಟಳು. ಅವರು ಕಾಲು ತೊಳೆದುಕೊಂಡು ನಕ್ಕರು. “ನೋಡಿ ಸರ್. ಬಾವಿ ಕನ್ನಡಿ ಇದ್ದ ಹಾಗಿದೆ. ಕಾಲಿಗೆ ಹಾಕೋಕೂ ನೀರಿಗೆ ಬರ ಇಲ್ಲ. ಇದನ್ನ ಬರ್ಕೊಬೇಕು ತಾವು.”

ಕಮಿಷನರು ಬರೆದುಕೊಂಡರು. ಪೆನ್ನಿನ ಸದ್ದು ನನಗೆ ಪಂಪಿಗಿಂತ ದೊಡ್ಡದಾಗಿ ಕೇಳಿಸಿತು.

“ಸರ್,” ಎಂದಳು ವೇದಾ. “ಬಾವಿ ನಾವೇ ತೊಳೆದದ್ದು. ಈ ಭಾನುವಾರ.”

“ಯಾಕಮ್ಮ?”

“ನೀವು ಬರ್ತೀರಿ ಅಂತ.”

“ನಾನು ಬರ್ತೀನಿ ಅಂತ ಬಾವಿ ತೊಳೆದ್ರಾ?”

“ಯಾರಾದ್ರೂ ಬರೋದು ಗೊತ್ತಿದ್ರೆ ಗಲೀಜು ಹಾಗೇ ಇಡೂದು ಹೇಗೆ ಸರ್?”

ಕಮಿಷನರು ನಗಲಿಲ್ಲ. ಬಿಲ್ಡರ್ ವಕೀಲರ ಕಣ್ಣು ಏಣಿಯ ಮೇಲೆ ಬಿತ್ತು. “ಇಷ್ಟು ಉದ್ದದ ಏಣಿ ಯಾರು ಕೊಟ್ರು ನಿಮಗೆ?”

ರಜೆ ಮುಗಿಸಿ ಬಂದಿದ್ದ ಸಂಗಯ್ಯ ಬೇಲಿಯಾಚೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಮ್ಮನೇದು ಸ್ವಾಮಿ, ಹೂ ಕೊಯ್ಯೂಕೆ” ಎಂದಳು ಚೌಡಮ್ಮ.

“ಇಷ್ಟು ಎತ್ತರದಲ್ಲಿ ಎಂಥಾ ಹೂವು?”

“ಸಂಪಿಗೆ ಸ್ವಾಮಿ.”

ಏಣಿಯ ಮೆಟ್ಟಿಲಿಗೆ ಕೆಂಪು ಬಣ್ಣದಲ್ಲಿ ಬಿಲ್ಡರ್ ಕಂಪನಿಯ ಹೆಸರಿತ್ತು. ಕಮಿಷನರು ಅದನ್ನು ನೋಡಿದರು, ಬೇಲಿಯ ಕಡೆಗೂ ನೋಡಿದರು. ಆಮೇಲೆ, “ನಾನು ಬಂದಿದ್ದು ಬಾವಿ ನೋಡೋಕೆ” ಎಂದು ವೇದಾಳ ಕಡೆ ತಿರುಗಿದರು. “ತೆಗೆದ ಕೆಸರು ಎಲ್ಲಿ ಹಾಕಿದ್ರಿ?”

“ಗಿಡದ ಬುಡಕ್ಕೆ.”

ಎಲ್ಲಕ್ಕಿಂತ ಹತ್ತಿರವಿದ್ದದ್ದು ವಿಘ್ನೇಶ್ವರನ ಅಂಗಳ. ಅವನು ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದವನು, ಕಮಿಷನರಿಗೆ ದಾರಿ ಬಿಟ್ಟ. ಕರಿಬೇವಿನ ಸುತ್ತ ಕೆಸರು ಬಿಸಿಲಿಗೆ ಒಣಗಿ ಬೆಳ್ಳಗಾಗಿತ್ತು. ಕಮಿಷನರು ಕಾಲಿನ ಹೆಬ್ಬೆರಳಿನಿಂದ ಒತ್ತಿದರು. ಒಡೆಯಲಿಲ್ಲ.

ವಿಘ್ನೇಶ್ವರ ಒಳಗಿನಿಂದ ಹಾರೆ ತಂದ. ಮೊದಲ ಏಟಿಗೆ ಠಣ್ ಎಂದಿತು. ಅವನು ಹಾರೆಯನ್ನು ನೋಡಿದ, ಗಿಡವನ್ನು ನೋಡಿದ, ಇನ್ನೊಂದು ಏಟು ಹಾಕಿದ. ಹಂಚಿನಂಥ ಒಂದು ಚೂರು ಎದ್ದು ಬಂತು.

“ಇದು ಯಾವ ಊರಿನ ಕೆಸರು ಮಾರಾಯ್ರೇ?” ಎಂದ ಬಿಲ್ಡರ್ ವಕೀಲರಿಗೆ. “ನಮ್ಮ ಅಪ್ಪನ ಕಾಲದಿಂದ ಬಾವಿ ಕೆಸರು ಹಾಕ್ತಾ ಬಂದಿದ್ದೇವೆ. ಸಿಮೆಂಟ್ ಆದದ್ದು ಯಾವಾಗ್ಲೂ ಕಾಣೆ.”

“ಮನೆ ಕಟ್ಟಿ ಉಳಿದದ್ದನ್ನ ತಂದು ಹಾಕಿರಬಹುದು” ಎಂದರು ಆ ವಕೀಲರು.

“ಎಲ್ಲ ಮನೆ ಗಿಡಕ್ಕೂವಾ?” ಎಂದಳು ಪರಿಮಳಾ. ಆಗ ಅವಳ ಮುಖಕ್ಕೆ ಬಣ್ಣ ಬಂದಿತ್ತು.

ಕಮಿಷನರು ಮನೆಮನೆಗೂ ಹೋಗಿ ಗಿಡಗಳ ಬುಡ ನೋಡಿದರು. ಒಂದೊಂದು ಚೂರನ್ನು ಕಾಗದದಲ್ಲಿ ಸುತ್ತಿಸಿ ಎರಡೂ ಕಡೆಯವರ ಸಹಿ ಪಡೆದರು. “ಪರೀಕ್ಷೆಗೆ ಕಳಿಸಿ ಅಂತ ವರದಿಯಲ್ಲಿ ಬರೀತೇನೆ. ಕೋರ್ಟು ಹೇಳೋವರೆಗೆ ಉಳಿದದ್ದನ್ನ ಯಾರೂ ಕೀಳಬಾರದು, ಇನ್ನೊಮ್ಮೆ ನೋಡಬೇಕಾಗಬಹುದು” ಎಂದರು. ಹೊರಡುವಾಗ ನನ್ನ ಕೈಯಿಂದ ಬೆಲ್ಲ ನೀರು ತೆಗೆದುಕೊಳ್ಳಲಿಲ್ಲ. “ಇವತ್ತು ಕುಡಿಯೋ ಹಾಗಿಲ್ಲ ತಾಯಿ. ಕೇಸು ಮುಗೀಲಿ, ಬರ್ತೇನೆ.”

ಅವರು ಹೋದ ಕೂಡಲೇ ಪಂಪು ಶುರುವಾಯಿತು. ವಿಘ್ನೇಶ್ವರ ಹಾರೆ ಹಿಡಿದುಕೊಂಡೇ ಅಡಿಗೆಮನೆ ಕಡೆ ನೋಡಿದ.

“ಆ ಕಾಗದ?”

“ಬೆಲ್ಲದ ಡಬ್ಬದ ಅಡಿಗೇ ಇದ್ದು. ಆನು ಸಹಿ ಮಾಡ್ತ್ನಿಲ್ಲೆ.”

“ಹೂಂ” ಎಂದ. ಸ್ವಲ್ಪ ಹೊತ್ತಿಗೆ ಹಗ್ಗ ತಂದು ಕರಿಬೇವಿನ ಸುತ್ತ ಬೇಲಿಯಂತೆ ಕಟ್ಟಿ, “ಇದನ್ನ ಯಾರೂ ಮುಟ್ಲಾಗ” ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದ.

ಕೇಸು ಇನ್ನೂ ನಡೆಯುತ್ತಿದೆ. ತಾರೀಖು ಬಂದಾಗ ಮೂವರೂ ಒಂದೇ ಆಟೋದಲ್ಲಿ ಹೋಗುತ್ತೇವೆ. ನನ್ನ ದಾಸವಾಳದ ಎಲೆ ಹಳದಿಯಾಗುತ್ತಿದೆ. ಬುಡ ಬಿಡಿಸಲು ಕತ್ತಿ ಹಿಡಿದು ಹೋಗುತ್ತೇನೆ, ಕೋರ್ಟಿನ ಮಾತು ನೆನಪಾಗಿ ಒಳಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಬೆಳಿಗ್ಗೆ ವೇದಾ ಹೊಲಿಗೆಗೆ ಕೂರುವ ಮುಂಚೆ ತಂಬಿಗೆಯಲ್ಲಿ ನೀರು ತಂದು ದಾಸವಾಳದ ಬುಡದ ಗಟ್ಟಿ ಕೆಸರಿನ ಮೇಲೆ ಸುರಿಯುತ್ತಾಳೆ. ನೀರು ಇಂಗದೆ ಹರಿದು ಹೋಗುತ್ತದೆ. ಅಂಚಿನಲ್ಲಿ ಒಂದು ಕಡೆ ಸಣ್ಣ ಬಿರುಕಿದೆ. ಅವಳು ಅಲ್ಲಿ ಬಗ್ಗಿ, ಉಳಿದ ನೀರನ್ನು ನಿಧಾನವಾಗಿ ಬಿಡುತ್ತಾಳೆ.