ಐದರ ಮಿರಜ ಬಸ್ಸು

ಮೂರನೇ ಚೊಂಬು ನೀರು ಹೆಣದ ತಲೆಯ ಮೇಲೆ ಬೀಳುವ ಮೊದಲೇ ಮುತ್ತವ್ವನ ಕೈ ನಿಂತಿತು. ಸತ್ತ ಗೆಳತಿ ಮಾಯವ್ವನ ಮೊಮ್ಮಗಳು ಶಾಲನ, ಅಜ್ಜಿಯ ಕಿವಿಯ ಹತ್ತಿರ ಬಾಗಿದ್ದಳು.

"ಹಾದ್ಯಾಗ ನಿಂದರು ಆಯಿ. ನಾನೂ ಬರತೇನಿ," ಅಂದಳು.

ಸುತ್ತ ಕೂತಿದ್ದ ಹೆಂಗಸರು ಒಮ್ಮೆಲೇ ಗೊಳೋ ಎಂದರು. ಸಲಗರೆಯ ಕುರಿ ಕಾಯುವ ಮನೆಗಳಲ್ಲಿ ಹೆಣದ ಮುಂದೆ ಸುಮ್ಮನೆ ಕಣ್ಣೀರು ಹಾಕಿದರೆ ಸಾಲದು, ಮಾತು ಹೇಳಿ ಅಳಬೇಕು. ನನ್ನೂ ಕರಕೊಂಡು ಹೋಗು, ನಿನ್ನ ಬಿಟ್ಟು ಹೆಂಗ ಬಾಳಲಿ, ಹಾದಿಯಲ್ಲಿ ನಿಂತಿರು ಎಂದೆಲ್ಲ ಅನ್ನಬೇಕು. ಅನ್ನದವಳು ಕಲ್ಲೆದೆಯವಳು. ಮುಂಜಾನೆಯಿಂದ ತುಟಿ ಬಿಚ್ಚದಿದ್ದ ಹದಿನೈದರ ಹುಡುಗಿ ಕೊನೆಗೂ ಪದ್ಧತಿಯಂತೆ ಅತ್ತಳಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು.

ಹುಡುಗಿ ಅತ್ತಿರಲೇ ಇಲ್ಲ. ಮುತ್ತವ್ವ ಎದುರಿಗೇ ಕೂತು ನೋಡಿದ್ದಳು. ಕಣ್ಣು ಒಣಗಿತ್ತು, ದನಿ ಏರಲಿಲ್ಲ, ಇಳಿಯಲಿಲ್ಲ. ನಾಳೆ ಸಂತೆಗೆ ಬರುತ್ತೇನೆಂದು ಗೆಳತಿಗೆ ತಿಳಿಸುವ ಹಾಗೆ ತಿಳಿಸಿದ್ದಳು.

"ನೀರ ಹಾಕವಾ, ಏನ ಹಂಗ ಕುಂತಿ?" ಎಂದು ಪಕ್ಕದವಳು ಮೊಳಕೈಯಿಂದ ತಿವಿದಳು.

ಹೆಣಕ್ಕೆ ಹೊಸ ಸೀರೆ ಉಡಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಕರಿ ಕಂಬಳಿಯ ಮೇಲೆ ಕೂರಿಸುವ ಹೊತ್ತಿಗೆ ಮೂರು ಗಂಟೆ. ಆಗ ಶಾಲನ ತನ್ನ ಅಪ್ಪನ ಹತ್ತಿರ ಹೋಗಿ ನಿಂತಳು.

"ಅಪ್ಪಾ, ನಾ ಐದರ ಬಸ್ಸಿಗೆ ಹೋಗತೇನಿ. ನಾಳೆ ಗಣಿತದ ಪೇಪರ ಐತಿ."

ಧೋಂಡಿಬಾ ಅತ್ತು ಅತ್ತು ಕಣ್ಣು ಬಾತಿದ್ದವನು ತಲೆ ಎತ್ತಿದ. ಮಗನಾದವನು ಮೂರನೇ ದಿನ ಹಾಲು ತುಪ್ಪ ಬಿಡುವ ತನಕ ಊರು ಬಿಡುವಂತಿಲ್ಲ, ಹೆಂಡತಿ ಕೃಷ್ಣವ್ವನೂ ಬಿಡುವಂತಿಲ್ಲ. "ಕುಪವಾಡದಾಗ ಮನ್ಯಾಗ ಯಾರೂ ಇಲ್ಲಲ್ಲವಾ. ಒಬ್ಬಾಕೀನ ಇರತೀ?"

"ಇರತೇನಿ. ಕೀಲಿ ನನ್ನ ಹತ್ರನ ಐತಿ."

ಊರ ಹಿರಿಯ ಭರಮಣ್ಣ ತಲೆದೂಗಿದ. "ನೋಡ್ರಿ, ಎಂಥಾ ಶ್ಯಾಣ್ಯಾ ಕೂಸು. ಇಂಥಾ ದುಃಖದಾಗೂ ಸಾಲಿ ಮರ್ತಿಲ್ಲ. ಹೋಗಲಿ ಬಿಡೋ ಧೋಂಡಿಬಾ."

"ಬ್ಯಾಡ್ರಿ!" ಎಂದಳು ಮುತ್ತವ್ವ. ಎಲ್ಲರೂ ತಿರುಗಿದರು. ಆಕೆಗೆ ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ. "ಒಬ್ಬಾಕೀನ ಕಳಸಬ್ಯಾಡ್ರಿ. ಹುಡುಗಿ ನೆಟ್ಟಗಿಲ್ಲ."

"ನಿಂದು ಸುರು ಆತಾ?" ಎಂದ ಭರಮಣ್ಣ. ಹೆಣದ ಮನೆ ಎಂಬುದನ್ನೂ ಮರೆತು ಒಬ್ಬಿಬ್ಬರು ನಕ್ಕರು. ಮುತ್ತವ್ವನಿಗೆ ಊರಲ್ಲಿ ರೇಡಿಯೋ ಎಂದೇ ಹೆಸರು. ಬಸುರಿಯಲ್ಲದವಳನ್ನು ಬಸುರಿ ಮಾಡಿದವಳು, ಬದುಕಿದ್ದ ಊರ ಲೆಕ್ಕದ ತಲಾಠಿಯನ್ನು ಸತ್ತನೆಂದು ಸಾರಿ ಅವನ ಕೈಲೇ ಬೈಸಿಕೊಂಡವಳು. ಆಕೆಯ ಮಾತನ್ನು ನಂಬುತ್ತಿದ್ದವಳು ಊರಲ್ಲಿ ಒಬ್ಬಳೇ ಇದ್ದಳು. ಆಕೆ ಈಗ ಕಂಬಳಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

*

ಮಾಯವ್ವನದು ಹೇಳಿಕೊಳ್ಳುವಂಥ ಬಾಳಲ್ಲ. ಹನ್ನೆರಡಕ್ಕೆ ಮದುವೆ, ಆಮೇಲೆ ಕುರಿಯ ಹಿಂದೆ ನಡಿಗೆ. ದೀಪಾವಳಿ ಮುಗಿದರೆ ಹಿಂಡಿನ ಜೊತೆ ಕೃಷ್ಣೆಯ ದಂಡೆಗೆ, ಮಳೆ ಬಂದರೆ ಸಲಗರೆಗೆ. ಬಯಲಲ್ಲಿ ಹಡೆದಳು, ಬಯಲಲ್ಲಿ ಅಡಿಗೆ ಮಾಡಿದಳು. ಮಂಚದ ಮೇಲೆ ಮಲಗಿದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಮಗ ಧೋಂಡಿಬಾ ಕುಪವಾಡದ ಕೈಗಾರಿಕಾ ವಸಾಹತಿನ ಎರಕದ ಕಾರಖಾನೆ ಸೇರಿದಾಗ ಮೊಮ್ಮಗಳನ್ನು ತನ್ನ ಹತ್ತಿರ ಇಟ್ಟುಕೊಂಡು ಕನ್ನಡ ಸಾಲಿಗೆ ಕಳಿಸಿದಳು. ಶಾಲನ ಪ್ರತಿ ಮರಿಗೂ ಒಂದು ಹೆಸರಿಟ್ಟು, ಹೆಸರಿಗೊಂದು ಹಾಡು ಕಟ್ಟಿ, ಅಜ್ಜಿಯ ತಲೆ ತಿನ್ನುತ್ತಿದ್ದ ಹುಡುಗಿ.

ಮಾಯವ್ವ ಸತ್ತ ವರ್ಷವೇ ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದು ಮಹಾನಗರಪಾಲಿಕೆ ಮಾಡಿದರು. ಅದೇ ಜೂನ್‌ನಲ್ಲಿ ಮಕ್ಕಳು ಸಾಲದೆಂದು ಶಾಲನ ಓದುತ್ತಿದ್ದ ಕನ್ನಡ ವರ್ಗವನ್ನೂ ಮರಾಠಿ ಸಾಲಿಯಲ್ಲಿ ಕೂಡಿಸಿಬಿಟ್ಟರು. ಹೇಗೂ ಮರಾಠಿಯಲ್ಲಿ ಓದುವುದಾದರೆ ತನ್ನ ಕಣ್ಣೆದುರೇ ಓದಲಿ ಎಂದು ಧೋಂಡಿಬಾ ಮಗಳನ್ನು ಕುಪವಾಡಕ್ಕೆ ಕರೆದೊಯ್ದ. ಎಲ್ಲವನ್ನೂ ಕೂಡಿಸುವ ವರ್ಷ ಅದು. ಹುಡುಗಿ ಮಾತ್ರ ಯಾರೊಂದಿಗೂ ಕೂಡಲಿಲ್ಲ.

ದೀಪಾವಳಿಗೆ ಬಂದಾಗ ಊರೆಲ್ಲ ಆಕೆಯನ್ನು ಹೊಗಳಿತು. ದೊಡ್ಡಾಕಿ ಆದ ಮ್ಯಾಲೆ ಎಷ್ಟು ಗಂಭೀರ, ಕುಣಿಯುವುದಿಲ್ಲ, ಎದುರು ಮಾತಿಲ್ಲ. ತನ್ನ ಕಾಲ್ಗೆಜ್ಜೆಯನ್ನು ಚಿಕ್ಕವ್ವನ ಮಗಳಿಗೆ ಕೊಟ್ಟಾಗ ಎಂಥಾ ದೊಡ್ಡ ಮನಸ್ಸು ಎಂದರು.

ಹಬ್ಬದ ಮರುದಿನ ಜಾಲಿ ಮರದ ನೆರಳಲ್ಲಿ ಮಾಯವ್ವ ಕೇಳಿದ್ದಳು. "ಮುತ್ತೀ, ನಮ್ಮ ಶಾಲೀನ ನೋಡೀಯೇನ?"

"ನೋಡೇನಿ. ಸೊರಗ್ಯಾಳ. ಶಹರದ ನೀರ ಒಗ್ಗಿಲ್ಲ ತಗೋ."

"ನೀರಲ್ಲ. ನಸಿಕಿನ್ಯಾಗ ಮೂರಕ್ಕ ಎದ್ದ ಕುಂದರತಾಳ. ತಟ್ಟಿಗೆ ಹಾಕಿದ್ದ ನಾಯಿಗೆ ಹಾಕತಾಳ. ಮರಿ ಬಂದ ಕೈ ನೆಕ್ಕಿದ್ರ ಕೈ ಅಲ್ಲೇ ಬಿಟ್ಟ ಕುಂತಿರತಾಳ. ನಿನ್ನಿ ಅಂತಾಳ, ನಾ ಇರದಿದ್ದರ ನಿಮಗೆಲ್ಲಾ ಹಗರ ಆಗತೈತಿ ಅಲ್ಲ ಆಯಿ, ಅಂತ." ಮಾಯವ್ವ ಸೆರಗಿಗೆ ಸಿಕ್ಕ ಜಾಲಿ ಮುಳ್ಳು ಬಿಡಿಸಿದಳು. "ನಮ್ಮ ಮಾಳಿ ಹಿಂಗ ಆಗಿದ್ಲು."

ಮಾಳವ್ವ ಮಾಯವ್ವನ ಹಿರಿಮಗಳು. ಮೂವತ್ತು ವರ್ಷದ ಹಿಂದೆ, ಹದಿನಾರಕ್ಕೆ, ನೀರು ತರಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳೆಂದು ಊರಿಗೆಲ್ಲ ಗೊತ್ತು.

"ಕಾಲ ಜಾರಿಲ್ಲವಾ," ಎಂದಳು ಮಾಯವ್ವ. "ಕೊಡಾ ಕಟ್ಟೀ ಮ್ಯಾಲೆ ಇಟ್ಟಿದ್ಲು. ಕೈಯಾಗಿನ ಬಳಿ ತಗದ ಕೊಡದಾಗ ಹಾಕಿದ್ಲು. ನಾನ ಮೊದಲ ಹೋಗಿದ್ದೆ. ಬಳಿ ನಾನ ತಗದ ಮುಚ್ಚಿಟ್ಟೆ."

ಮುತ್ತವ್ವ ಹತ್ತಿರ ಸರಿದು ಕೂತಳು, ಮಾಯವ್ವ ಮುಂದುವರಿಸಿದಳು.

"ಕುರಿ ಮೇವು ಬಿಟ್ರ ಅವತ್ತ ಹಿಡದ ಬಾಯಿ ತಗದ ನೋಡತೇವಿ. ಮಕ್ಕಳ ಉಣ್ಣೂದ ಬಿಟ್ರ ಸೋಗು ಅಂತೇವಿ, ಸುಮ್ಮಾದರ ಶ್ಯಾಣ್ಯಾ ಅಂತೇವಿ. ಮಾಳೀನ ನಾ ಕೇಳಬೇಕಿತ್ತ. ಕೇಳಿದರ ಇಲ್ಲದ್ದ ತಲ್ಯಾಗ ತುಂಬಿದಂಗ ಆಗತೈತಿ ಅಂತ ಅಂಜಿದ್ನಿ. ಶಾಲೀನ ಕೇಳತೇನಿ. ಉಣ್ಣಿ ಕತ್ತರಿಸೂದೊಂದ ಮುಗೀಲಿ, ನಾನ ಕುಪವಾಡಕ್ಕ ಹೋಗಿ ಬಾಯಿ ಬಿಟ್ಟ ಕೇಳತೇನಿ. ಮಿರಜ್ಯಾಗ ಮನಸಿನ ಡಾಕ್ಟರ ಇದ್ದಾರಂತ. ನೀ ಮಾತ್ರ ಮಾಳೀ ಸುದ್ದಿ ಯಾರಿಗೂ ಅನಬ್ಯಾಡ. ನನ್ನಾಣಿ."

ಉಣ್ಣೆ ಕತ್ತರಿಸುವುದು ನಿನ್ನೆ ಸಂಜೆ ಮುಗಿದಿತ್ತು. ಕೊನೆಯ ಕುರಿಯನ್ನು ಬಿಟ್ಟು, ಸ್ವಲ್ಪ ಎದೆ ಹಿಡಿದಂಗ ಆಗೇತಿ ಎಂದು ಹಟ್ಟಿಯ ಗೋಡೆಗೆ ಒರಗಿದ ಮಾಯವ್ವ ಮತ್ತೆ ಏಳಲಿಲ್ಲ.

*

ನಾಲ್ಕು ಗಂಟೆಗೆ ಗಂಡಸರು ಹೆಣ ಎತ್ತಿಕೊಂಡು ಹೊಲಕ್ಕೆ ಹೋದರು. ಮಣ್ಣಿಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಹೆಣ ಕೂರಿಸಿದ್ದ ಜಾಗವನ್ನು ಸೊಸೆ ಸಗಣಿಯಿಂದ ಸಾರಿಸಿ ಅಲ್ಲಿ ದೀಪ ಹಚ್ಚಿಡಬೇಕು. ಗಂಡಸರು ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಆ ದೀಪ ನೋಡಿದ ಮೇಲೆಯೇ ತಮ್ಮ ತಮ್ಮ ಮನೆಗೆ ಹೋಗಬೇಕು.

ಕೃಷ್ಣವ್ವ ಮಂಡಿಯೂರಿ ಸಾರಿಸುತ್ತಿದ್ದಳು. ಮುತ್ತವ್ವ ಬಕೆಟ್ ತಂದಿಟ್ಟು ಪಕ್ಕದಲ್ಲೇ ಕುಕ್ಕರಿಸಿದಳು. ತೆರೆದ ಬಾಗಿಲಿನಿಂದ ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಶಾಲನಳ ಬೆನ್ನು ಕಾಣುತ್ತಿತ್ತು. ತೊಡೆಯ ಮೇಲೆ ಚೀಲ ಇಟ್ಟುಕೊಂಡಿದ್ದಳು.

"ಕೃಷ್ಣಾ, ಆಕೀನ ಒಬ್ಬಾಕೀನ ಕಳಸಬ್ಯಾಡ."

"ಹಿರ್ಯಾರು ಹೂಂ ಅಂದ್ರಲ್ರಿ ಕಾಕೂ. ಪೇಪರ ಐತಿ."

"ಬೆಂಕಿ ಹಚ್ಚ ಪೇಪರಿಗೆ. ಆಕಿ ತನ್ನ ಜೀವಕ್ಕ ಏನರ ಮಾಡಕೊಂಡಾಳು."

ಕೃಷ್ಣವ್ವ ಕೈ ನಿಲ್ಲಿಸಿ ಕೆಂಡದಂತೆ ನೋಡಿದಳು. "ಬಾಯಾಗ ಹುಳಾ ಬೀಳಲಿ. ಹಡದಾಕಿ ನಾನು. ನನಗ ಗೊತ್ತಾಗದ್ದು ನಿಮಗ ಗೊತ್ತಾತೇನ್ರಿ? ಅತ್ತೀ ಹೆಣ ಮಣ್ಣಾಗ ಇಳದಿಲ್ಲ ಇನ್ನ, ಮನ್ಯಾಗ ಮತ್ತೊಂದ ಹೆಣದ ಮಾತ ಆಡತೀರಿ. ನನ್ನ ಮಗಳ ತಲಿ ತಗ್ಗಿಸಿ ನಡೀತಾಳ, ಅದು ನಿಮ್ಮ ಕಣ್ಣಿಗೆ ಚುಚ್ಚತೈತಿ."

ನಾಲ್ಕೂ ಮುಕ್ಕಾಲು. ಮುತ್ತವ್ವ ಬಾಗಿಲ ಕಡೆ ನೋಡಿದಳು, ಆಣೆಯನ್ನು ನೆನೆದಳು. ಅರವತ್ತು ವರ್ಷದ ಗೆಳೆತನದಲ್ಲಿ ಮಾಯವ್ವ ಆಕೆಗೆ ಮುಚ್ಚಿಡಲು ಕೊಟ್ಟದ್ದು ಅದೊಂದೇ ಮಾತು. ಗೆಳತಿಯ ಮೇಲೆ ಮಣ್ಣು ಬೀಳುತ್ತಿರುವ ಹೊತ್ತಿನಲ್ಲೇ ಅದನ್ನು ಬಿಚ್ಚಬೇಕಲ್ಲ ಎಂದು ಅವಳಿಗೆ ಅಳು ಬಂತು. ಅಳುತ್ತಲೇ ಹೇಳಿದಳು. ಕೊಡ, ಕಟ್ಟೆ, ಬಳೆ, ಮಿರಜದ ಡಾಕ್ಟರು, ಎಲ್ಲ ಹೇಳಿದಳು.

ಕೃಷ್ಣವ್ವ ಸಗಣಿ ಮೆತ್ತಿದ ಕೈಯನ್ನು ನೆಲದ ಮೇಲೆ ಹಾಗೇ ಊರಿಕೊಂಡು ಕೂತಳು. ರೇಡಿಯೋ ಎಂದು ಬೈಯಲಿಲ್ಲ. ಬಹಳ ಸಣ್ಣ ದನಿಯಲ್ಲಿ, "ಮುಂಜಾನೆ ಸುದ್ದಿ ಬಂದಾಗ..." ಎಂದಳು. "ಮುಂಜಾನೆ ಸುದ್ದಿ ಬಂದಾಗ ಆಕಿ ತನ್ನ ಸಾಲಿಗೆ ಹಾಕ್ಕೊಳ್ಳೂ ಅರಬಿ ಎಲ್ಲಾ ಮಡಚಿ ಬಾಜೂ ಮನೀ ಹುಡಿಗಿಗೆ ಕೊಟ್ಟ ಬಂದ್ಲು ಕಾಕೂ. ಯಾಕ ಅಂದ್ನಿ. ನನಗಿನ್ನ ಬ್ಯಾಡ ಅಂದ್ಲು. ಹೊಸಾವು ಕೇಳತಾಳೇನೋ ಅನಕೊಂಡ್ನಿ."

"ನಾಳೆ ಪೇಪರಿಗೆ ಏನ ಹಾಕ್ಕೊಂಡ ಹೋಗತಾಳ?"

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಇಬ್ಬರೂ ಬಾಗಿಲ ಕಡೆ ನೋಡಿದರು. ಕಟ್ಟೆ ಖಾಲಿಯಿತ್ತು.

ಕೃಷ್ಣವ್ವ ಓಡಿದಳು. ಬಿಚ್ಚಿದ ಕೂದಲು, ಮೊಳಕೈ ತನಕ ಸಗಣಿ, ಕಾಲಲ್ಲಿ ಚಪ್ಪಲಿಯಿಲ್ಲ. ಸೂತಕದ ಸೊಸೆ ಬೀದಿಯಲ್ಲಿ ಹಾಗೆ ಓಡುವುದನ್ನು ನೋಡಿ ಬಾಗಿಲು ಬಾಗಿಲಲ್ಲಿ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಹಿಂದೆ ಏದುಸಿರು ಬಿಡುತ್ತ ಮುತ್ತವ್ವ.

ಶಾಲನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಕೃಷ್ಣವ್ವ ಆಕೆಯ ರಟ್ಟೆ ಹಿಡಿದು ಕೆಳಗೆ ಎಳೆದಳು.

"ಏನಾತವಾ?" ಎಂದಳು ಹುಡುಗಿ.

ಕೃಷ್ಣವ್ವನಿಗೆ ಬೈಯುವ ಮಾತು ನೂರು ಗೊತ್ತಿತ್ತು, ಈ ಮಾತನ್ನು ಅವಳು ಎಂದೂ ಯಾರಿಗೂ ಕೇಳಿರಲಿಲ್ಲ. "ಶಾಲೀ. ನಿನಗ... ಸಾಯಬೇಕು ಅನಸತೈತೇನ?"

ಕಂಡಕ್ಟರ್ ಬಾಗಿಲಿನಿಂದ ಬಾಗಿ, ಹತ್ತುತ್ತೀರೋ ಇಲ್ಲವೋ, ತಡವಾಗುತ್ತಿದೆ ಎಂದು ಮರಾಠಿಯಲ್ಲಿ ಅವಸರಿಸಿದ. "ಮಾವಶಿ, ಬಸಣಾರ ಕಾ? ಉಶೀರ ಹೋತೋಯ."

ಹುಡುಗಿ ಅವನನ್ನು ನೋಡಿದಳು, ಬಸ್ಸನ್ನು ನೋಡಿದಳು, ತನ್ನ ರಟ್ಟೆಗೆ ಅಂಟಿದ ಸಗಣಿಯನ್ನು ನೋಡಿದಳು.

"ಹೂಂ," ಅಂದಳು.

ಮುತ್ತವ್ವ ಕಂಡಕ್ಟರನಿಗೆ ಹೋಗು ಎಂದು ಕೈ ಬೀಸಿದಳು. ಬಸ್ಸು ಧೂಳೆಬ್ಬಿಸಿ ಹೋಯಿತು.

ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮೂವರೂ ಕೂತರು. ಛೀ, ಹಂಗನಬಾರದು ಎಂಬ ಮಾತು ಕೃಷ್ಣವ್ವನ ನಾಲಿಗೆಯ ತುದಿಗೆ ಬಂದಿತ್ತು. ಮುತ್ತವ್ವ ಆಕೆಯ ತೊಡೆಯನ್ನು ಒತ್ತಿ ಹಿಡಿದಳು.

"ಯಾವಾಗಿಂದ?" ಎಂದಳು ಕೃಷ್ಣವ್ವ.

"ಬಾಳ ದಿನಾ ಆತು." ಹುಡುಗಿ ಕನ್ನಡದ ಪದಗಳನ್ನು ಹುಡುಕಿ ಹುಡುಕಿ ಇಡುತ್ತಿದ್ದಳು. "ಮೊದಲ ಸಾಲ್ಯಾಗ ನಾ ಮಾತಾಡಿದ್ರ ನಗತಿದ್ರು. ಈಗ ನಗೂದಿಲ್ಲ. ಇಬ್ಬರು ಗೆಳತ್ಯಾರೂ ಆಗ್ಯಾರ. ಆದ್ರೂ ಅವ್ವಾ, ನನಗ ಏನೂ ಅನಸೂದ ಇಲ್ಲ. ಆಯಿ ಸತ್ತಳು ಅಂದ್ರಿ, ಆಗೂ ಅನಸಲಿಲ್ಲ. ಆಯಿ ಸತ್ತರೂ ಅಳು ಬರದಾಕಿ ನಾ ಎಂಥಾಕಿ?"

"ನಾಳೆ ಮಿರಜಿಗೆ ಹೋಗೂಣು. ಡಾಕ್ಟರ ಕಡೆ. ನಾ ಸಂಗಾಟ ಬರತೇನಿ."

"ಮೂರ ದಿನಾ ಊರ ಬಿಡಬಾರದಲ್ಲ?"

"ಬಿಡತೇನಿ," ಎಂದಳು ಕೃಷ್ಣವ್ವ. "ಇನ್ನೂ ಏನೈತಿ? ಹೇಳು."

ಹುಡುಗಿ ಹೇಳತೊಡಗಿದಳು. ಊರಿನ ರೇಡಿಯೋ ತುಟಿ ಕಚ್ಚಿಕೊಂಡು ಸುಮ್ಮನೆ ಕೂತಿತ್ತು.

ಹೊತ್ತು ಮುಳುಗುತ್ತಿರುವಾಗ ಧೋಂಡಿಬಾ ಸಿಟ್ಟಿನಿಂದ ದಾಪುಗಾಲು ಹಾಕುತ್ತ ಬಂದ. ಒದ್ದೆ ಧೋತರದಿಂದ ನೀರು ತೊಟ್ಟಿಕ್ಕುತ್ತಿತ್ತು. "ಮಂದಿ ಅಂಗಳದಾಗ ನಿಂತ ನಡಗಾಕತ್ತಾರ. ದೀಪ ಎಲ್ಲೇತಿ? ಮನೀ ಸೊಸಿ ಆಗಿ..."

ಕೃಷ್ಣವ್ವ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಸಗಣಿ ಒಣಗಿ ಬಿರಿದ ಅಂಗೈಯನ್ನು ನಿಲ್ಲು ಎಂಬಂತೆ ಅವನ ಕಡೆ ಎತ್ತಿ ಹಿಡಿದಳು. ಧೋಂಡಿಬಾ ಹತ್ತು ಹೆಜ್ಜೆ ದೂರದಲ್ಲಿ ನಿಂತ. ಮಗಳು ಹೇಳುತ್ತಿದ್ದುದು ಅವನಿಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವನು ಒದ್ದೆ ಧೋತರದಲ್ಲೇ ಧೂಳಿನಲ್ಲಿ ಕೂತುಬಿಟ್ಟ.