ಚಿಕ್ಕಮ್ಮನ ಬೆರ್ಚಪ್ಪ

ಸಿಡ್ನಿಯಿಂದ ಬಂದಿಳಿದು ಮೆಲ್ಬರ್ನ್ ವಿಮಾನ ನಿಲ್ದಾಣದ ಬಾಗಿಲು ದಾಟಿ ಉಷಾ ಹೊರಗೆ ಬಂದಾಗ ಶನಿವಾರ ಬೆಳಗಿನ ಎಂಟೂವರೆ. ಹದಿನೈದು ದಿನದಿಂದ ಕಣ್ಣಿಗೆ ಬೀಳದ ಮಗಳು ಆದ್ಯಾ ಓಡಿಬಂದು ಸೊಂಟ ತಬ್ಬಿಕೊಂಡಳು. ತಬ್ಬಿಕೊಂಡೇ ಮುಖ ಎತ್ತಿ ಕೇಳಿದಳು:

“ಅಮ್ಮಾ, ನೀನು ತಿಂಡಿ ತಿಂದ್ಯಾ?”

ಉಷಾ ಒಂದು ಕ್ಷಣ ಯಾರೋ ಬೇರೆ ಹುಡುಗಿ ಬಂದು ತಬ್ಬಿಕೊಂಡಳೇನೋ ಎಂಬಂತೆ ನೋಡಿದಳು. ಹತ್ತು ವರ್ಷದ ಈ ಮಗಳು ಮಾತು ಕಲಿತ ದಿನದಿಂದ ಅವಳಿಗೆ ಉತ್ತರ ಕೊಟ್ಟಿದ್ದೆಲ್ಲ ಇಂಗ್ಲಿಷಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಉಷಾ ಮಾಡದ ಪ್ರಯತ್ನವಿಲ್ಲ. ಫ್ರಿಜ್ಜಿನ ಮೇಲೆ ಅಕ್ಷರಮಾಲೆ ಅಂಟಿಸಿದ್ದಳು. ಭಾನುವಾರದ ಕನ್ನಡ ಕ್ಲಾಸಿಗೆ ನಲವತ್ತು ನಿಮಿಷ ಕಾರು ಓಡಿಸಿದ್ದಳು. ‘ಕನ್ನಡದಲ್ಲಿ ಕೇಳಿದ್ರೆ ಮಾತ್ರ ಐಪ್ಯಾಡ್’ ಎಂಬ ಕಾನೂನು ತಂದಿದ್ದಳು. ಆದ್ಯಾ ಐಪ್ಯಾಡನ್ನೇ ಬಿಟ್ಟಳು, ಕನ್ನಡದಲ್ಲಿ ಕೇಳಲಿಲ್ಲ.

“ತಿಂದೆ ಪುಟ್ಟಿ, ವಿಮಾನದಲ್ಲಿ,” ಎಂದಳು ಉಷಾ. ಕಣ್ಣು ತುಂಬಿಬಂತು. ಆಗಲೇ ಹಿಂದೆ ನಗುತ್ತಾ ನಿಂತಿದ್ದ ತಂಗಿ ನಿಖಿತಾ ಕಾಣಿಸಿದಳು. ತುಂಬಿದ ಕಣ್ಣು ಹಾಗೆಯೇ ಆರಿತು.

ನಿಖಿತಾ ಅವಳಿಗಿಂತ ಏಳು ವರ್ಷ ಚಿಕ್ಕವಳು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸ, ಅಲ್ಲೇ ಇಪ್ಪತ್ತೆರಡನೇ ಮಹಡಿಯಲ್ಲಿ ಒಂಟಿ ವಾಸ. ಏಪ್ರಿಲ್ ತಿಂಗಳ ಶಾಲೆಯ ರಜೆಯಲ್ಲಿ ಉಷಾಳಿಗೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಯಲ್ಲಿ ಆಡಿಟ್ ಬಂತು. ಗಂಡ ಸುದರ್ಶನ್‌ಗೆ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. “ನನ್ನ ಹತ್ರ ಕಳಿಸಕ್ಕಾ, ನಾನು ರಜೆ ಹಾಕ್ತೀನಿ,” ಎಂದಿದ್ದಳು ನಿಖಿತಾ. ಉಷಾ ಸಂತೋಷದಿಂದಲೇ ಕಳಿಸಿದ್ದಳು.

“ಏನೇ ಮಾಡ್ದೆ ಇವಳಿಗೆ?” ಕಾರಿನಲ್ಲಿ ಕೂರುತ್ತಾ ಉಷಾ ಕೇಳಿದಳು. ತಮಾಷೆಯಂತೆ ಕೇಳಬೇಕೆಂದಿದ್ದಳು, ದನಿ ಹಾಗೆ ಬರಲಿಲ್ಲ.

“ಏನೂ ಮಾಡ್ಲಿಲ್ಲ ಅಕ್ಕಾ. ಸುಮ್ನೆ ಇದ್ವಿ.”

ಸುಮ್ಮನೆ! ಹತ್ತು ವರ್ಷ ಬಡಿದಾಡಿದರೂ ತೆರೆಯದ ಬಾಯಿ ಸುಮ್ಮನೆ ಇದ್ದರೆ ತೆರೆಯಿತಂತೆ. ಉಷಾ ಕಿಟಕಿಯ ಕಡೆ ತಿರುಗಿದಳು.

ಅವರು ಹೊರಟಿದ್ದು ಎರಡು ಗಂಟೆ ದೂರದ ಕುರಾವಾಂಗ್ ಎಂಬ ಹಳ್ಳಿಗೆ. ನಾನೂರು ಜನರ ಆ ಊರಿನಲ್ಲಿ ಪ್ರತಿ ವರ್ಷ ಬೆದರುಬೊಂಬೆಗಳ ಹಬ್ಬ. ಯಾರು ಬೇಕಾದರೂ ಬೊಂಬೆ ಮಾಡಿ ನಿಲ್ಲಿಸಬಹುದು. ನಿಖಿತಾ ಮತ್ತು ಆದ್ಯಾ ಹಿಂದಿನ ಶನಿವಾರವೇ ಹೋಗಿ ತಮ್ಮದೊಂದನ್ನು ನಿಲ್ಲಿಸಿ ಬಂದಿದ್ದರು. ದಾರಿಯುದ್ದಕ್ಕೂ ಇಬ್ಬರಿಗೂ ಅದೇ ಮಾತು.

“ಚಿಕ್ಕಮ್ಮ, ಬೆರ್ಚಪ್ಪ ಮಳೆಗೆ ನೆಂದುಬಿಟ್ಟಿದ್ರೆ?”

“ನೆಂದ್ರೆ ನೆಗಡಿ ಆಗುತ್ತೆ. ಕಷಾಯ ಕುಡಿಸೋಣ.”

“ಅವನ ಬಾಯಿ ಪೇಂಟ್! ಓಪನ್ ಆಗಲ್ಲ!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬೆರ್ಚಪ್ಪ! ಉಷಾ ತಾನೇ ಮರೆತಿದ್ದ ಮಾತು ಅದು. ಚಿಕ್ಕಂದಿನಲ್ಲಿ ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊಲದ ಬೊಂಬೆಗಳನ್ನು ತೋರಿಸಿ ತಂಗಿಗೆ ಆ ಹೆಸರು ಹೇಳಿಕೊಟ್ಟವಳು ಅವಳೇ. ತಾನು ಕಲಿಸಿದ ಪದವನ್ನು ತನ್ನ ಮಗಳಿಗೆ ತನಗಿಂತ ಮೊದಲು ತಂಗಿ ಕೊಟ್ಟುಬಿಟ್ಟಿದ್ದಳು. ಅದೂ ಮುಳ್ಳಿನಂತೆ ಚುಚ್ಚಿತು.

ಕುರಾವಾಂಗ್‌ನಲ್ಲಿ ಇದ್ದದ್ದು ಒಂದೇ ಬೀದಿ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಒಂದು ಹುಲ್ಲಿನ ಮುದುಕಿ ಕಾಗದ ಓದುತ್ತಾ ಕೂತಿದ್ದಳು. ಅಗ್ನಿಶಾಮಕ ದಳದ ಶೆಡ್ಡಿನ ಗೋಡೆಗೆ ಒರಗಿಸಿದ ಏಣಿಯಲ್ಲಿ ಹುಲ್ಲಿನ ಮನುಷ್ಯನೊಬ್ಬ ಅರ್ಧಕ್ಕೆ ನೇತಾಡುತ್ತಿದ್ದ. ಚರ್ಚಿನ ಬೇಲಿಯ ಬಳಿ ಹುಲ್ಲಿನ ಮದುಮಗ, ಹುಲ್ಲಿನ ಮದುಮಗಳು; ಅವಳ ಬಿಳಿ ಮುಸುಕನ್ನು ಎರಡು ಬಿಳಿ ಕಾಕಟೂ ಗಿಳಿಗಳು ಯಾವ ಹೆದರಿಕೆಯೂ ಇಲ್ಲದೆ ಕಚ್ಚಿ ಎಳೆಯುತ್ತಿದ್ದವು. ಬೇರೆ ದಿನವಾಗಿದ್ದರೆ ಉಷಾ ನಿಂತು ನಿಂತು ಫೋಟೊ ತೆಗೆಯುತ್ತಿದ್ದಳು. ಇವತ್ತು ಅವಳ ಕಣ್ಣೆಲ್ಲ ಮುಂದೆ ಹೋಗುತ್ತಿದ್ದ ಇಬ್ಬರ ಮೇಲೆ. ಆದ್ಯಾ ಚಿಕ್ಕಮ್ಮನ ಕಿರುಬೆರಳು ಹಿಡಿದು ಜಿಗಿಯುತ್ತಾ ಹೋಗುತ್ತಿದ್ದಳು. ತನ್ನ ಕೈಯನ್ನು ಹೀಗೆ ಹಿಡಿದು ಎಷ್ಟು ದಿನವಾಯಿತು ಎಂದು ಉಷಾ ಲೆಕ್ಕ ಹಾಕಿದಳು, ನೆನಪಾಗಲಿಲ್ಲ.

ಊರಿನ ಆಟದ ಮೈದಾನದಲ್ಲಿ ಮಕ್ಕಳ ಬೊಂಬೆಗಳು ಸಾಲಾಗಿ ನಿಂತಿದ್ದವು. ಕೊನೆಯಲ್ಲಿದ್ದವನೇ ಬೆರ್ಚಪ್ಪ. ತಲೆಗೆ ಬೋರಲು ಹಾಕಿದ ಮಣ್ಣಿನ ಹೂಕುಂಡ, ಅದರ ತುಂಬ ಬಿಳಿ ಬಣ್ಣದ ಬೊಟ್ಟು, ಇದ್ದಿಲಿನ ಮೀಸೆ, ಸೊಂಟಕ್ಕೆ ಪಂಚೆಯಂತೆ ಸುತ್ತಿದ ನಿಖಿತಾಳ ಹಸಿರು ದುಪಟ್ಟಾ. ಅಲ್ಲಿದ್ದ ಕೌಬಾಯ್ ಟೋಪಿಗಳ ನಡುವೆ ಅವನೊಬ್ಬನೇ ಹೊಲ ಕಾಯಲೆಂದೇ ಹುಟ್ಟಿದವನಂತಿದ್ದ. ಚೆನ್ನಾಗಿದೆ ಎಂದು ಹೇಳಲು ಉಷಾಳ ನಾಲಿಗೆ ಏಳಲಿಲ್ಲ.

“ಮೀಸೆ ಸ್ವಲ್ಪ ಸೊಟ್ಟ ಆಗಿದೆ ಅಲ್ವಾ?” ಎಂದಳು.

“ಅದು ನಾನು ಮಾಡಿದ್ದು,” ಎಂದಳು ಆದ್ಯಾ.

ಮಧ್ಯಾಹ್ನ ಹನ್ನೆರಡಕ್ಕೆ ಹಬ್ಬ ನಡೆಸುವ ಅಜ್ಜಿಯೊಬ್ಬರು ಮೈಕ್ ಹಿಡಿದು ಬಂದರು. ಪ್ರತಿ ಮಗುವೂ ತನ್ನ ಬೊಂಬೆಯ ಬಗ್ಗೆ ಎರಡು ಮಾತಾಡಬೇಕು. ಸುತ್ತ ನೂರೈವತ್ತು ಜನ ಹುಲ್ಲಿನ ಪಿಂಡಿಗಳ ಮೇಲೆ ಕೂತಿದ್ದರು. ಆದ್ಯಾಳ ಸರದಿ ಬಂತು. ಇವನ ಹೆಸರು ಬೆರ್ಚಪ್ಪ, ಇಂಡಿಯಾದಿಂದ ಬಂದವನು ಎಂದು ಮೊದಲು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಉಳಿದದ್ದನ್ನು ಅವನ ಭಾಷೆಯಲ್ಲೇ ಹೇಳುತ್ತೇನೆ ಎಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ಆದ್ಯಾ ಒಮ್ಮೆ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮನನ್ನು ಮಾತ್ರ.

“ಬೆರ್ಚಪ್ಪ ತುಂಬ ಒಳ್ಳೆಯವನು. ಅವನು ಹಕ್ಕಿಗಳು ಓಡಿಸುತ್ತೆ...”

“ಹಕ್ಕಿಗಳನ್ನ ಓಡಿಸ್ತಾನೆ,” ಎಂದಳು ಉಷಾ. ಮುಂದಿನ ಸಾಲಿನಲ್ಲೇ ಕೂತಿದ್ದಳು. ದನಿ ದೊಡ್ಡದಾಗಿಯೇ ಬಂತು.

ಆದ್ಯಾ ತಡವರಿಸಿದಳು. “ಹಕ್ಕಿಗಳನ್ನ... ಓಡಿಸ್ತಾನೆ. ಅವನ ಹೊಟ್ಟೆ ಒಳಗೆ ಹುಲ್ಲು ಇದ್ದಾನೆ, ಅದಕ್ಕೆ...”

“ಹುಲ್ಲು ಇದೆ. ಇದ್ದಾನೆ ಅಲ್ಲ.”

ಭಾಷೆ ತಿಳಿಯದಿದ್ದರೂ ಏನಾಗುತ್ತಿದೆ ಎಂಬುದು ಎಲ್ಲರಿಗೂ ತಿಳಿದಂತಿತ್ತು. ಆದ್ಯಾಳ ಕಿವಿಗಳು ಕೆಂಪಾದವು. “ದಟ್ಸ್ ಆಲ್,” ಎಂದು ಮೈಕನ್ನು ಅಜ್ಜಿಯ ಕೈಗೆ ತುರುಕಿ ಬೊಂಬೆಯ ಹಿಂದೆ ಹೋಗಿ ನಿಂತುಬಿಟ್ಟಳು.

ನಿಖಿತಾ ಎದ್ದು ಅಕ್ಕನ ತೋಳು ಹಿಡಿದು ಕಾಫಿ ಗಾಡಿಯ ಹಿಂಬದಿಗೆ ಕರೆದುಕೊಂಡು ಹೋದಳು.

“ಯಾಕಕ್ಕಾ ಹಾಗ್ ಮಾಡ್ದೆ?”

“ತಪ್ಪು ಹೇಳಿದ್ರೆ ತಿದ್ದಬಾರದಾ? ನೀನು ತಿದ್ದಿಲ್ಲ ಅಂತ ನಾನೂ ಸುಮ್ನಿರ್ಬೇಕಾ?”

“ನಾನು ಐದನೇ ಕ್ಲಾಸಲ್ಲಿದ್ದಾಗ ನೀನು ನನಗೆ ಇಂಗ್ಲಿಷ್ ಹೇಳ್ಕೊಡ್ತಿದ್ದೆ, ನೆನಪಿದ್ಯಾ? ಒಂದು ಮಾತಿಗೆ ಮೂರು ಸಲ ತಿದ್ದುತಿದ್ದೆ. ಕ್ಲಾಸಲ್ಲಿ ಗೊತ್ತಿರೋ ಉತ್ತರಕ್ಕೂ ನಾನು ಕೈ ಎತ್ತುತಿರಲಿಲ್ಲ. ಪಿಯುಸಿ ಮುಗಿಯೋವರೆಗೂ ಎತ್ಲಿಲ್ಲ.” ನಿಖಿತಾ ಜಗಳಕ್ಕೆ ಬಂದವಳಂತೆ ಮಾತಾಡುತ್ತಿರಲಿಲ್ಲ. “ಆದ್ಯಾ ‘ಓಡಿಸುತ್ತೆ’ ಅಂದ್ರೆ ನಾನು ‘ಯಾವ ಹಕ್ಕೀನ?’ ಅಂತ ಕೇಳ್ತಿದ್ದೆ ಅಷ್ಟೇ. ಅವಳು ಇನ್ನೊಂದು ಮಾತು ಹೇಳ್ತಿದ್ಲು. ಬೇರೆ ಏನೂ ಮಂತ್ರ ಇಲ್ಲ ಅಕ್ಕಾ.”

ಉಷಾ ನೆಲ ನೋಡುತ್ತಾ ನಿಂತಳು. ಬೂಟಿಗೆ ಹುಲ್ಲಿನ ಎಳೆಗಳು ಅಂಟಿದ್ದವು. ತಿದ್ದಲೆಂದೇ ಬಾಯಿ ಹಾಕಿದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಮಗಳು ಚಿಕ್ಕಮ್ಮನ ಕಡೆ ನೋಡಿದ ಆ ಒಂದು ನೋಟಕ್ಕೆ ತನ್ನೊಳಗೆ ಏನು ಹೊತ್ತಿಕೊಂಡಿತೆಂದು ಅವಳಿಗೆ ಗೊತ್ತಿತ್ತು.

“ಹೊಟ್ಟೆ ಉರೀತು ಕಣೇ,” ಎಂದಳು. “ಏರ್‌ಪೋರ್ಟಿಂದ್ಲೇ ಉರೀತಾ ಇದೆ. ಹತ್ತು ವರ್ಷ ನಾನು ಒದ್ದಾಡಿದ್ದು. ನಿನಗೆ ಹದಿನೈದು ದಿನಕ್ಕೆ ಸಿಕ್ಬಿಡ್ತು.”

ಅಕ್ಕನ ಬಾಯಿಂದ ಇಂಥ ಮಾತು ನಿಖಿತಾ ಕೇಳಿದ್ದೇ ಮೊದಲು. ಹಿಡಿದಿದ್ದ ತೋಳು ಬಿಟ್ಟು, “ಹೋಗಿ ಮಾತಾಡ್ಸು. ನಾನು ಇಲ್ಲೇ ಇರ್ತೀನಿ,” ಎಂದಳು.

ಆದ್ಯಾ ಬೆರ್ಚಪ್ಪನ ಕಾಲ ಬುಡದಲ್ಲಿ ಕೂತು ಹುಲ್ಲು ಕೀಳುತ್ತಿದ್ದಳು. ಉಷಾ ಪಕ್ಕದಲ್ಲಿ ಕೂತಳು.

“ತಪ್ಪಾಯ್ತು ಪುಟ್ಟಿ.”

“ಇಟ್ಸ್ ಓಕೆ, ಮಮ್.”

“ಹೊಟ್ಟೇಲಿ ಹುಲ್ಲು, ಅದಕ್ಕೆ... ಆಮೇಲೆ ಏನು ಹೇಳ್ಬೇಕಂತಿದ್ದೆ?”

“ನಥಿಂಗ್.”

“ಹೇಳು, ನಾನು ಏನೂ ಅನ್ನಲ್ಲ.”

ಆದ್ಯಾ ಅವಳನ್ನು ನೋಡಿದಳು. ದೊಡ್ಡವರನ್ನು ಅಳೆಯುವ ನೋಟ ಅದು. ಅವನಿಗೆ ಹಸಿವಾಗುವುದಿಲ್ಲ, ಅದಕ್ಕೇ ಹಕ್ಕಿಗಳ ಊಟ ಕದಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅದೂ ಚಂದವೇ ಇತ್ತು. ಉಷಾ ತಲೆ ಸವರಿದಳು. ಆದ್ಯಾ ಬೇಡವೆನ್ನಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಆ ದಿನ ಮತ್ತೆ ಅಮ್ಮನ ಎದುರು ಅವಳ ಬಾಯಿಂದ ಕನ್ನಡ ಬರಲಿಲ್ಲ. ಸಂಜೆ ಬೆರ್ಚಪ್ಪನನ್ನು ಬಿಚ್ಚಿ, ಕೈಕಾಲು ಮಡಚಿ, ಕಾರಿನ ಹಿಂದಿನ ಸೀಟಿಗೆ ಹತ್ತಿಸಿದ್ದಾಯಿತು. ಸಿಡ್ನಿಗೆ ವಿಮಾನದಲ್ಲಿ ಒಯ್ಯುವಂತಿರಲಿಲ್ಲ. ಚಿಕ್ಕಮ್ಮನ ಬಾಲ್ಕನಿಯಲ್ಲೇ ಅವನ ವಾಸ ಎಂದು ತೀರ್ಮಾನವಾಯಿತು. ಉಷಾಳೇ ಅವನಿಗೆ ಸೀಟ್‌ಬೆಲ್ಟ್ ಹಾಕಿದಳು. ಅವನೂ ತಂಗಿಯ ಪಾಲಿಗೇ ಹೋದನಲ್ಲ ಎಂಬುದು ಮನಸ್ಸಿಗೆ ಬಾರದೆ ಇರಲಿಲ್ಲ.

ಸಿಡ್ನಿಗೆ ಮರಳಿದ ಮೇಲೆ ಪ್ರತಿ ಬುಧವಾರ ಸಂಜೆ ಆದ್ಯಾ ತನ್ನ ಕೋಣೆಯ ಬಾಗಿಲು ಮುಚ್ಚಿ ಚಿಕ್ಕಮ್ಮನಿಗೆ ಫೋನ್ ಮಾಡತೊಡಗಿದಳು. ಒಳಗಿನಿಂದ ಮುರುಕು ಕನ್ನಡ, ನಗು. ಹೊರಗೆ ಬಂದರೆ ಅಮ್ಮನ ಜೊತೆ ಮತ್ತೆ ಇಂಗ್ಲಿಷೇ. ಮಡಚಿದ ಬಟ್ಟೆಗಳನ್ನು ಹಿಡಿದು ಉಷಾ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಒಂದೊಂದು ತಪ್ಪು ಕಿವಿಗೆ ಬಿದ್ದಾಗಲೂ ನಾಲಿಗೆ ತುರಿಸುತ್ತಿತ್ತು, ಒಂದೊಂದು ನಗುವಿಗೂ ಎದೆ ಉರಿಯುತ್ತಿತ್ತು. ಒಳಗೆ ಹೋಗುತ್ತಿರಲಿಲ್ಲ. ಫ್ರಿಜ್ಜಿನ ಮೇಲಿನ ಅಕ್ಷರಮಾಲೆಯನ್ನು ಒಂದು ದಿನ ತೆಗೆದು ಹಾಕಿದಳು. ಭಾನುವಾರದ ಕ್ಲಾಸೂ ನಿಂತಿತು. “ಏನಾಯ್ತು ನಿಂಗೆ?” ಎಂದು ಸುದರ್ಶನ್ ಕೇಳಿದಾಗ, “ಸಾಕಾಯ್ತು,” ಎಂದಷ್ಟೇ ಅಂದಳು.

ಚಳಿಗಾಲ ಶುರುವಾದ ಜೂನ್ ತಿಂಗಳ ಒಂದು ಬೆಳಿಗ್ಗೆ ಸ್ನಾನದ ಮನೆಯಿಂದ ಆದ್ಯಾ ಕೂಗಿದಳು.

“ಅಮ್ಮಾ! ಟವಲ್ ನೀರಲ್ಲಿ ಬಿದ್ದುಹೋದ! ಬೇರೆ ಕೊಡು!”

ಉಷಾ ಒಲೆ ಆರಿಸಿ, ಬೀರುವಿನಿಂದ ಹೊಸ ಟವಲ್ ತೆಗೆದು, ಬಾಗಿಲ ಸಂದಿನಿಂದ ಚಾಚಿದ ಒದ್ದೆ ಕೈಗೆ ಕೊಟ್ಟಳು.

“ಥ್ಯಾಂಕ್ಸ್ ಅಮ್ಮಾ. ತುಂಬಾ ಚಳಿ ಇದೆ.”

“ಹೂಂ. ಬೇಗ ಒರೆಸ್ಕೋ.”

ಅಡುಗೆಮನೆಗೆ ವಾಪಸು ಬಂದು ಕಟ್ಟೆ ಹಿಡಿದು ನಿಂತಳು. ಫೋನ್ ಅಲ್ಲೇ ಇತ್ತು. ಈ ಸುದ್ದಿ ಕೇಳಿದರೆ ನಿಖಿತಾ ಕುಣಿದಾಡುತ್ತಾಳೆಂದು ಅವಳಿಗೆ ಗೊತ್ತಿತ್ತು. ಆದರೆ ಹೇಳಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಇದೊಂದನ್ನು ಯಾರೊಂದಿಗೂ ಹಂಚಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.