ಆಮೆಗೆ ಕ್ಯೂರಿಂಗ್

ನೀಲಪ್ಪನದು ಕ್ಯೂರಿಂಗ್ ಕೆಲಸ. ಬೆಳ್ಳಂದೂರಿನ ಕಡೆ ಏಳುತ್ತಿದ್ದ ಕಟ್ಟಡಗಳ ಹಸಿ ಕಾಂಕ್ರೀಟಿಗೆ ಗೋಣಿಚೀಲ ಸುತ್ತಿ, ಅದು ಒಣಗದಂತೆ ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರುಣಿಸುವುದು. ನೀರು ತಪ್ಪಿದರೆ ಬಿರುಕು ಬಿಡುತ್ತದೆ ಎಂಬುದು ಅವನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮನೆಯ ಆಮೆಯನ್ನೂ ಹಾಗೆಯೇ ಸಾಕಿದ.

ಆ ಆಮೆ ಬಂದದ್ದು ಅವನ ಹೆಂಡತಿ ಮಹಾದೇವಿ ಮನೆಗೆಲಸಕ್ಕೆ ಹೋಗುತ್ತಿದ್ದ ಫ್ಲ್ಯಾಟಿನಿಂದ. ಊರು ಬಿಟ್ಟು ಹೊರಟ ಮೇಡಂ, ಅಂಗೈಯಷ್ಟಿದ್ದ ಆ ಹೊರದೇಶದ ಮರಿಯನ್ನು ಅವಳ ಕೈಗಿಟ್ಟು, "ನೆಲದ ಆಮೆ ಕಣೇ, ಆದ್ರೂ ಮರಿ ಅಲ್ವಾ, ತೇವ ಇರ್ಬೇಕು. ಇಲ್ದಿದ್ರೆ ಚಿಪ್ಪು ಉಬ್ಬುಬ್ಬಾಗಿ ಎದ್ದುಬಿಡುತ್ತೆ" ಎಂದಿದ್ದರು. ಬೇಗೂರಿನಲ್ಲಿದ್ದ ಗಂಡ-ಹೆಂಡತಿಯ ಶೀಟಿನ ಮನೆ ಬೇಸಿಗೆಯಲ್ಲಿ ಕಾದ ಹಂಚಿನಂತಾಗುತ್ತಿತ್ತು. ನೀಲಪ್ಪ ಮರಿಯನ್ನಿಟ್ಟ ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸಿದ. ಮಕ್ಕಳಿಲ್ಲದ ಮನೆಯಲ್ಲಿ ಅದಕ್ಕೆ ನಡೆದದ್ದು ರಾಜೋಪಚಾರ.

ವರ್ಷಗಳು ಕಳೆದು ಆಮೆ ಊಟದ ತಟ್ಟೆಯಷ್ಟಾಯಿತು. ಗೋಣಿ ಮಾತ್ರ ಆರಲಿಲ್ಲ. ಆಷಾಢದ ಚಳಿಗಾಳಿಯಲ್ಲೂ ಪುಣ್ಯಾತ್ಮ ನೀರು ಹಾಕಿದ್ದೇ ಹಾಕಿದ್ದು. ಕೊನೆಗೆ ಆಮೆ ಮೇವು ಬಿಟ್ಟಿತು, ಮೂಗಿನಲ್ಲಿ ಸಿಂಬಳದ ಗುಳ್ಳೆ ಬಂತು. ನೀಲಪ್ಪನಿಗೂ ತುತ್ತು ಇಳಿಯದಾಯಿತು. ಆಮೆ ಸತ್ತರೆ ತಾನೇ ಕೊಂದೆನೆಂದು ಗಂಡ ಜೀವಮಾನವಿಡೀ ಕೊರಗುತ್ತಾನಲ್ಲ ಎಂಬುದೇ ಮಹಾದೇವಿಯ ಚಿಂತೆ. ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಪ್ರಾಣಿಗಳ ಆಸ್ಪತ್ರೆಗೆ ಓಡಿದರು.

"ಹೇಗೆ ಸಾಕಿದ್ರಿ ಇದನ್ನ?" ಡಾಕ್ಟರಮ್ಮ ಕೇಳಿದರು.

"ಕ್ಯೂರಿಂಗ್ ಮಾಡೀನ್ರಿ ಮೇಡಂ, ದಿನಾ ಒದ್ದಿ ಗೋಣಿ ಹೊದಿಸಿ." ನೀಲಪ್ಪ ತಲೆ ತಗ್ಗಿಸಿದ. "ನಂದ ತಪ್ಪು."

ಡಾಕ್ಟರಮ್ಮ ಚಿಪ್ಪು ಸವರಿ ನೋಡಿದರು. "ಮರಿ ಇದ್ದಾಗ ಮಾಡಿದ್ದು ಸರೀನೇ ಕಣ್ರೀ, ನೋಡಿ ಎಷ್ಟು ನುಣ್ಣಗಿದೆ. ಈಗ ದೊಡ್ಡದಾಗಿದೆ, ಅಷ್ಟೊಂದು ತೇವ ಬೇಡ. ಚಳೀಲಿ ಒದ್ದೆ ಇದ್ರೆ ಎದೆಗೆ ಶೀತ ಹಿಡಿಯುತ್ತೆ. ಒಂದು ಮೂಲೇಲಿ ತೇವದ ಮಣ್ಣಿಡಿ, ಉಳಿದಿದ್ದು ಒಣಗಿರ್ಲಿ, ಬೆಚ್ಚಗಿರ್ಲಿ. ಎಲ್ಲಿರ್ಬೇಕು ಅಂತ ಅದೇ ನೋಡ್ಕೊಳ್ಳುತ್ತೆ."

ಆಮೇಲೆ ಕೆಲವು ದಿನ ಇಂಜೆಕ್ಷನ್ನು, ಬಲ್ಬಿನ ಶಾಖ, ಒಣಹುಲ್ಲು. ಭಾನುವಾರ ಬೆಳಿಗ್ಗೆ ಮಹಾದೇವಿ ಆಮೆಯ ಮುಂದೆ ಒಂದು ದಾಸವಾಳ ಇಟ್ಟಳು. ನೋಡುವ ಧೈರ್ಯವಿಲ್ಲದ ನೀಲಪ್ಪ ಹೊಸ್ತಿಲಾಚೆ ಬೆನ್ನು ಮಾಡಿ ಕೂತಿದ್ದ.

ಆಮೆ ಕತ್ತು ಚಾಚಿತು. ಹೂವಿನ ಅಂಚು ಕಚ್ಚಿ ಎಳೆಯಿತು. ಮಹಾದೇವಿಯ ಕಣ್ಣು ತುಂಬಿತು. ಎದೆಯ ಭಾರ ಒಮ್ಮೆಲೇ ಇಳಿಯಿತು.

"ತಿಂತೇನ?" ಹೊರಗಿನಿಂದ ಗಂಡ ಕೇಳಿದ.

ಸ್ವಲ್ಪ ಸತಾಯಿಸೋಣವೆನಿಸಿ ಅವಳು ಸುಮ್ಮನಿದ್ದಳು.

"ಏ, ತಿಂತೇನ ಹೇಳ!"

"ಅದು ಆಗಲೇ ಉಣ್ಣಾಕ ಕೂತೈತ್ರಿ. ನಿಮಗೂ ರೊಟ್ಟಿ ಬಡೀಲೇನು?"

ನೀಲಪ್ಪ ಈಚೆ ತಿರುಗಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು, "ನಾಕು ಬಡಿ" ಎಂದ.